ಭಾನುವಾರ ಬೆಳಿಗ್ಗೆ ಆರೂವರೆಗೆ, ಕ್ಯಾಮೆರಾ ಸಮೇತ

ಫೋಟೊಗ್ರಫಿ ಕಲಿಸಲು ಮೊದಲನೇ ಕ್ಲಾಸು ಮಾಡಿದ್ದು ನಮ್ಮ ಬಡಾವಣೆ ಸಂಘದ ಹಾಲ್‌ನಲ್ಲಿ. ಪ್ರೊಜೆಕ್ಟರ್ ಹಾಕಿ ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಅಂತ ಎರಡು ಗಂಟೆ ಕೊರೆದೆ. ಬಂದವರು 14 ಜನ. ಮುಂದಿನ ಭಾನುವಾರ ಐದೇ ಜನ. ಅದರಲ್ಲೂ ಒಬ್ಬರ ಹತ್ತಿರ ಹಾಲ್‌ನ ಬೀಗದ ಕೈ ಇತ್ತು, ಅವರು ಬರದೆ ವಿಧಿಯಿರಲಿಲ್ಲ. ಆ ಐವರನ್ನು ಎಬ್ಬಿಸಿಕೊಂಡು ಅವತ್ತೇ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಹೋದೆ. ಆಮೇಲೆ ಹಾಲ್ ಕಡೆ ತಲೆ ಹಾಕಿಲ್ಲ.

ನನ್ನ ಹತ್ತಿರ ಬರುವವರು ಬಹಳ ಮಟ್ಟಿಗೆ ನಲವತ್ತು ದಾಟಿದವರು. ಅರ್ಧ ಜನರ ಕ್ಯಾಮೆರಾ ವರ್ಷಗಟ್ಟಲೆ ಬೀರುವಿನಲ್ಲೇ ಕೂತದ್ದು. ಮಗ ಅಮೆರಿಕದಿಂದ ತಂದುಕೊಟ್ಟಿರುತ್ತಾನೆ, ಆಟೋ ಮೋಡ್ ಬಿಟ್ಟು ಬೇರೆ ಏನು ಮುಟ್ಟಿದರೂ ಕೆಟ್ಟುಹೋಗುತ್ತೇನೋ ಅಂತ ಭಯ. ಉಳಿದವರದ್ದು ಫೋನು. ಮಕ್ಕಳಿಗೆ ಕಲಿಸುವುದು ಸುಲಭ, ಅವು ಹಾಳು ಮಾಡಿ ಕಲಿಯುತ್ತವೆ. ದೊಡ್ಡವರಿಗೆ ಫೋಟೊ ಕೆಟ್ಟರೆ ನಾಚಿಕೆ. ಪಕ್ಕದವರಿಗೆ ಕಾಣದ ಹಾಗೆ ಡಿಲೀಟ್ ಮಾಡಿಬಿಡುತ್ತಾರೆ. ಏನು ತಪ್ಪಾಗಿದೆ ಅಂತ ನಾನು ನೋಡುವುದಾದರೂ ಹೇಗೆ?

ಇದಕ್ಕೆ ನಾನು ಕಂಡುಕೊಂಡ ಉಪಾಯ ಬೆಳ್ಳಕ್ಕಿ. ಮೊದಲ ಭಾನುವಾರ ಎಲ್ಲರೂ ಒಂದೇ ಬೆಳ್ಳಕ್ಕಿಯ ಫೋಟೊ ತೆಗೆಯಬೇಕು, ಆಟೋ ಮೋಡ್‌ನಲ್ಲೇ. ಹಿಂದೆ ಮರದ ನೆರಳು ಬಿದ್ದ ಕಪ್ಪು ನೀರು, ಮೇಲೆ ಬಿಸಿಲು, ನಡುವೆ ಹಕ್ಕಿ. ಬಹುತೇಕ ಎಲ್ಲರದ್ದೂ ಕೆಡುತ್ತದೆ. ಹಕ್ಕಿಯ ಜಾಗದಲ್ಲಿ ಸುಣ್ಣ ಬಳಿದ ಹಾಗೆ ಒಂದು ಬಿಳಿ ಮಚ್ಚೆ. ಒಂದು ಗರಿಯೂ ಕಾಣುವುದಿಲ್ಲ. ಎಲ್ಲರದ್ದೂ ಒಟ್ಟಿಗೆ ಕೆಟ್ಟಾಗ ಯಾರಿಗೂ ಸಂಕೋಚ ಇರುವುದಿಲ್ಲ, ತಾವಾಗೇ ತೋರಿಸುತ್ತಾರೆ.

ಆಗ ಹೇಳುತ್ತೇನೆ. ಕ್ಯಾಮೆರಾಗೆ ಹಕ್ಕಿ ಯಾವುದು ನೀರು ಯಾವುದು ಅನ್ನುವುದಕ್ಕಿಂತ ಒಟ್ಟು ಬೆಳಕಿನ ಲೆಕ್ಕ ಮುಖ್ಯ. ಕಪ್ಪು ಬಿಳುಪು ಎಲ್ಲ ಕಲಸಿ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮಿನ ತುಂಬ ಕಪ್ಪು ನೀರಿದ್ದರೆ ಬೆಳಕು ಸಾಲದು ಅಂದುಕೊಂಡು ಜಾಸ್ತಿ ಮಾಡುತ್ತದೆ. ಬೆಳ್ಳಕ್ಕಿ ಬರ್ನ್ ಆಗುತ್ತದೆ, ಅಂದರೆ ಬೆಳಕು ಮಿತಿಮೀರಿ ಬರೀ ಬಿಳಿಯಾಗುತ್ತದೆ. ಇದನ್ನು ಕೇಳಿ ಒಬ್ಬ ಅಜ್ಜಿ, "ಮನೆಮಂದಿಗೆಲ್ಲ ಒಂದೇ ಸಾರು ಮಾಡಿದ ಹಾಗಾಯ್ತಲ್ಲ ಮೇಷ್ಟ್ರೇ, ಖಾರ ತಿನ್ನದವರ ಗತಿ?" ಅಂದರು. ಅವತ್ತಿನಿಂದ ನಾನೂ ಹಾಗೇ ಹೇಳಿಕೊಡುತ್ತಿದ್ದೇನೆ.

ಖಾರ, ಅಂದರೆ ಬೆಳಕು, ಕಮ್ಮಿ ಮಾಡಲು ಕ್ಯಾಮೆರಾದಲ್ಲಿ ಪ್ಲಸ್-ಮೈನಸ್ ಗುರುತಿನ ಬಟನ್ ಇರುತ್ತದೆ. ಬೆಳ್ಳಕ್ಕಿಗೆ ಮೈನಸ್ 0.7, ಬಿಸಿಲು ಜೋರಿದ್ದರೆ ಮೈನಸ್ 1. ಫೋನಿನಲ್ಲಾದರೆ ಹಕ್ಕಿಯ ಮೇಲೆ ಬೆರಳು ಒತ್ತಿ ಹಿಡಿದು, ಸೂರ್ಯನ ಗುರುತು ಬಂದಾಗ ಕೆಳಗೆ ಎಳೆಯಬೇಕು. ಹೊಸ ಫೋನುಗಳು ತಾವೇ ಸ್ವಲ್ಪ ಸರಿ ಮಾಡಿಕೊಳ್ಳುತ್ತವೆ, ಆದರೂ ಬೆರಳಿಗೆ ಅಭ್ಯಾಸ ಆಗಲಿ. ಬಿಳಿ ಆಕಾಶದ ಎದುರು ಒಣಕೊಂಬೆ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗೆ ಇದೇ ಲೆಕ್ಕ ಉಲ್ಟಾ, ಪ್ಲಸ್ 1. ಎರಡನೇ ಸಲ ಕ್ಲಿಕ್ ಮಾಡಿ ಬೆಳ್ಳಕ್ಕಿಯ ಗರಿ ಎಳೆ ಎಳೆಯಾಗಿ ಕಂಡಾಗ ಅವರ ಮುಖ ನೋಡಬೇಕು!

ಒಂದು ಬ್ಯಾಚಿಗೆ ಎಂಟೇ ಜನ, ಆರು ಭಾನುವಾರ. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೇ ಕಾಲ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿನ ಹೊತ್ತಿಗೆ, ಆರೂವರೆಗೆ ಬಂದರೆ ಸಾಕು. ಮೇ ಕೊನೆಗೆ ಆರಕ್ಕೆ ಮುಂಚೆಯೇ ಬೆಳಕು. ಐದೂಮುಕ್ಕಾಲಿಗೆ ಬನ್ನಿ ಅಂದರೆ ಬೆಂಗಳೂರಿನಲ್ಲಿ ಯಾರು ಬರುತ್ತಾರೆ? ಒಂದು ಸಲ ನಾನೇ ಸಡಿಲ ಬಿಟ್ಟು ಒಂಬತ್ತೂವರೆಗೆ ಇಟ್ಟುಕೊಂಡಿದ್ದೆ. ಹಕ್ಕಿಗಳೆಲ್ಲ ನೆರಳು ಸೇರಿದ್ದವು, ನಾವೂ ಸೇರಿದೆವು.

ಫೋನಿನವರಿಗೆ ದೂರದ ಹಕ್ಕಿ ಆಸೆ ಬಿಡಿ ಅಂತ ಮೊದಲೇ ಹೇಳುತ್ತೇನೆ. ಫೋನಿನಲ್ಲಿ ಬೆರಳಿಂದ ಹಿಗ್ಗಿಸಿ ತೆಗೆಯುವ ಜೂಮ್ ಜಾಸ್ತಿಯಾದಷ್ಟೂ ಚಿತ್ರ ಒಡೆಯುತ್ತದೆ. ಅವರನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗುತ್ತೇನೆ. ನಾಗಲಿಂಗ ಪುಷ್ಪ ಕಾಂಡದಲ್ಲೇ ಬಿಡುವುದರಿಂದ ಕೈಗೆಟುಕುವ ಎತ್ತರದಲ್ಲೇ ಸಿಗುತ್ತದೆ, ಆರಾಮಾಗಿ ನಿಂತು ತೆಗೆಯಬಹುದು. ಆಮೇಲೆ ಕೆಂಪೇಗೌಡ ಗೋಪುರದ ಬಂಡೆ. 300 ಕೋಟಿ ವರ್ಷದ ಬಂಡೆ ಅದು, ವಾಕಿಂಗ್ ಬಂದವರು ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿರುತ್ತಾರೆ. ಬೆಳಗಿನ ಓರೆ ಬಿಸಿಲಲ್ಲಿ ಅದರ ಪಟ್ಟೆ, ಬಿರುಕು, ಒಂದೊಂದು ಹರಳೂ ಎದ್ದು ಕಾಣುತ್ತದೆ. ಹನ್ನೊಂದು ಗಂಟೆಗೆ ಅದೇ ಜಾಗ ಸಿಮೆಂಟ್ ರಸ್ತೆ ಥರ. ಬೆಳಕಿನ ದಿಕ್ಕು ಅಂದರೇನು ಅನ್ನುವುದಕ್ಕೆ ಇಷ್ಟು ಸಾಕು, ಸ್ಲೈಡು ಬೇಡ.

ಕ್ಲಾಸು ಮುಗಿದ ಮೇಲೆ ದರ್ಶಿನಿ. ಇಡ್ಲಿ ವಡೆ, ಬೈಟು ಕಾಫಿ. ಕಾಫಿ ಬರುವಷ್ಟರಲ್ಲಿ ಅವತ್ತು ತೆಗೆದದ್ದರಲ್ಲಿ ಮೂರೇ ಮೂರು ಆರಿಸಿ ತೋರಿಸಬೇಕು. ನಾಲ್ಕನೆಯದನ್ನು ನಾನು ನೋಡುವುದಿಲ್ಲ. ಬ್ಯಾಂಕಿನಿಂದ ರಿಟೈರ್ ಆದ ರಾಯರೊಬ್ಬರು ಮೊದಲ ದಿನ 640 ಫೋಟೊ ತೆಗೆದಿದ್ದರು, ಎಲ್ಲವೂ ನೀರಲ್ಲಿ ಮುಳುಗಿ ಏಳುವ ಒಂದೇ ಗುಳುಮುಳುಕ ಹಕ್ಕಿಯದ್ದು. ಅರ್ಧದಷ್ಟರಲ್ಲಿ ಅದು ಮುಳುಗಿತ್ತು. ಮೂರು ಆರಿಸುವ ಹೊತ್ತಿಗೆ ಅವರ ಕಾಫಿ ಆರಿಹೋಯಿತು. ಈಗ ಅವರು ಬೆಳಿಗ್ಗೆಯೆಲ್ಲ ಸೇರಿ ಮೂವತ್ತು ತೆಗೆದರೆ ಹೆಚ್ಚು.

ಒಂದು ವಿಷಯ ಹೇಳದಿದ್ದರೆ ಇದೆಲ್ಲ ಬರೆದೂ ಸುಳ್ಳು. ಎರಡನೇ ಬ್ಯಾಚಿನಲ್ಲಿ, ಒಂದು ಪಾರ್ಕಿನ ಬೇಲಿ ಗಿಡದಲ್ಲಿ ಪಿಕಳಾರದ ಗೂಡು ಸಿಕ್ಕಿತು. ನನ್ನ ಸೊಂಟದ ಎತ್ತರ. ಕಾಫಿ ಲೋಟದಷ್ಟು ಗೂಡು, ಒಳಗೆ ಕಂದು ಚುಕ್ಕೆಯ ಮೂರು ಮೊಟ್ಟೆ. ಎಲೆ ಅಡ್ಡ ಬರುತ್ತಿತ್ತು. ಒಬ್ಬರು "ಸಾರ್, ಈ ಕೊಂಬೆ ಸ್ವಲ್ಪ ಸರಿಸಲಾ?" ಅಂದರು. ನಾನು ಹೂಂ ಅಂದೆ. ಕೊಂಬೆ ಹಿಡಿದುಕೊಂಡು ಸರದಿಯಲ್ಲಿ ಎಂಟೂ ಜನ ತೆಗೆದೆವು. ತಾಯಿ ಹಕ್ಕಿ ತಂತಿ ಮೇಲೆ ಕೂತು ಚೀರುತ್ತಲೇ ಇತ್ತು, ಪಕ್ಕದ ಹೊಂಗೆ ಮರದಲ್ಲಿ ಎರಡು ಕಾಗೆ. ಅವನ್ನು ನಾನು ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ. ಕೊಂಬೆ ಬಿಟ್ಟ ಮೇಲೂ ಅದು ಮೊದಲಿನ ಹಾಗೆ ಮುಚ್ಚಿಕೊಳ್ಳಲಿಲ್ಲ. ಮಾರನೇ ದಿನ ವಾಕಿಂಗ್ ಹೋದಾಗ ಗೂಡು ಓರೆಯಾಗಿ ನೇತಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ.

ಕಾಗೆಗಳು ಹೇಗೂ ಕಂಡುಹಿಡಿಯುತ್ತಿದ್ದವು ಅಂತ ರಾಯರು ಸಮಾಧಾನ ಮಾಡಿದರು. ಇರಬಹುದು. ಆದರೆ ದಾರಿ ತೋರಿಸಿದ್ದು ನಾವು. ಬೆಳ್ಳಕ್ಕಿ ಫೋಟೊ ಕೆಟ್ಟರೆ ಮುಂದಿನ ಭಾನುವಾರ ಮತ್ತೆ ತೆಗೆಯಬಹುದು, ಅಲ್ವಾ? ಆ ಗೂಡಿನ ಚಿತ್ರಗಳನ್ನು ಎಲ್ಲರಿಂದಲೂ ಅಳಿಸಿಸಿದೆ. ಈಗ ಗೂಡು ಕಂಡರೆ ಕ್ಯಾಮೆರಾ ಕೆಳಗೆ, ನಿಲ್ಲದೆ ಮುಂದೆ ನಡೆಯುವುದು. ಹಕ್ಕಿಯನ್ನು ಕರೆಸಲು ಫೋನಿನಲ್ಲಿ ಅದರ ಕೂಗು ಹಾಕುವುದೂ ಬಂದ್. ಇದನ್ನು ಒಪ್ಪದ ಇಬ್ಬರು ಮಧ್ಯದಲ್ಲೇ ಬಿಟ್ಟು ಹೋದರು. ಫೀಸು ವಾಪಸ್ ಕೊಟ್ಟೆ.

ಮುಂದಿನ ತಿಂಗಳು ಹೊಸ ಬ್ಯಾಚು. ಮೊದಲ ದಿನ ಮತ್ತೆ ಬೆಳ್ಳಕ್ಕಿಯೇ. ಮಳೆ ಬಂದರೆ ಛತ್ರಿ ಹಿಡಿದು ಪಾರ್ಕಿನ ಗೋಡೆ ಪಕ್ಕ ಬಸವನಹುಳು. ಅದಂತೂ ಎಷ್ಟು ಹೊತ್ತು ಬೇಕಾದರೂ ಫೋಸು ಕೊಡುತ್ತದೆ.