ಅರವತ್ತು ದಾಟಿದ ಮಹಿಳೆಯ ಟೆಸ್ಟೋಸ್ಟೆರಾನ್ ವರದಿ: ಹೃದಯದ ದೃಷ್ಟಿಯಿಂದ ಓದುವುದು ಹೇಗೆ

ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನ್ ಗಂಡಸರಿಗಷ್ಟೇ ಸೇರಿದ್ದಲ್ಲ. ಹೆಣ್ಣಿನ ಅಂಡಾಶಯ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಅದನ್ನು ತಯಾರಿಸುತ್ತವೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಕುಸಿದಂತೆ ಇದು ಒಮ್ಮೆಲೇ ಕುಸಿಯುವುದಿಲ್ಲ. ಹರೆಯದಿಂದಲೇ ನಿಧಾನಕ್ಕೆ ಇಳಿಯುತ್ತ ಬಂದಿರುತ್ತದೆ. ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಮಾತ್ರ ಇಳಿತ ದಿಢೀರನೆ ಆಗುತ್ತದೆ.

ಹೃದಯಕ್ಕೆ ಯಾವುದು ಕೆಟ್ಟದ್ದು, ಕಡಿಮೆಯೋ ಹೆಚ್ಚೋ? 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, 70 ದಾಟಿದ ಮಹಿಳೆಯರ ಪೈಕಿ ಮಟ್ಟ ತೀರಾ ಕಡಿಮೆ ಇದ್ದವರಿಗೆ ಹೃದಯದ ತೊಂದರೆ ಹೆಚ್ಚು ಕಂಡಿತು. 2018ರ ಅಮೆರಿಕದ ಅಧ್ಯಯನದಲ್ಲಿ ಈಸ್ಟ್ರೋಜನ್‌ಗೆ ಹೋಲಿಸಿದರೆ ಟೆಸ್ಟೋಸ್ಟೆರಾನ್ ಹೆಚ್ಚಿದ್ದವರಿಗೆ ಅಪಾಯ ಜಾಸ್ತಿ ಕಂಡಿತ್ತು. ಎರಡೂ ಹೇಳುವುದು ಜೊತೆಜೊತೆಗೆ ಕಂಡದ್ದನ್ನು, ಕಾರಣವನ್ನಲ್ಲ. ಹಾಗಾಗಿ ಒಂದೇ ಅಂಕಿ ನೋಡಿ ಹೆದರುವುದೂ ಬೇಡ, ಮಾತ್ರೆ ಹುಡುಕುವುದೂ ಬೇಡ.

ಪರೀಕ್ಷೆ ಮಾಡಿಸುವಾಗ ಮೊದಲು ವಿಧಾನ ಕೇಳಿ. ಹೆಂಗಸರ ಮಟ್ಟ ಎಷ್ಟು ಕಡಿಮೆ ಎಂದರೆ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ, ಪ್ರತಿಕಾಯ ಆಧಾರಿತ ಇಮ್ಯುನೋಅಸ್ಸೇ ವಿಧಾನ ಅಲ್ಲಿ ತಡವರಿಸುತ್ತದೆ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಹೆಚ್ಚು ನಂಬಿಕೆಗೆ ಅರ್ಹ. ರಕ್ತ ಬೆಳಿಗ್ಗೆ ಕೊಡಿ. ಕೂದಲು, ಉಗುರಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ; ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಜೊತೆಗೆ ಎಸ್‌ಎಚ್‌ಬಿಜಿ ಪರೀಕ್ಷೆಯನ್ನೂ ಕೇಳಿ. ಟೆಸ್ಟೋಸ್ಟೆರಾನನ್ನು ಕಟ್ಟಿಹಾಕುವ ಪ್ರೋಟೀನ್ ಅದು, ಅದಿಲ್ಲದ ವರದಿ ಅರ್ಧ ವರದಿ.

ದೇಹಕ್ಕೆ ಸಿಗುವ ಪಾಲನ್ನು ಅಂದಾಜಿಸುವ ಲೆಕ್ಕ ಹೀಗೆ: ಟೆಸ್ಟೋಸ್ಟೆರಾನ್ ಡೆಸಿಲೀಟರ್‌ಗೆ 18 ನ್ಯಾನೋಗ್ರಾಂ ಬಂದಿದೆ ಎನ್ನಿ. 28.84ರಿಂದ ಭಾಗಿಸಿದರೆ ಲೀಟರ್‌ಗೆ 0.62 ನ್ಯಾನೋಮೋಲ್. ಇದನ್ನು 100ರಿಂದ ಗುಣಿಸಿ ಎಸ್‌ಎಚ್‌ಬಿಜಿಯಿಂದ ಭಾಗಿಸಿ. ಎಸ್‌ಎಚ್‌ಬಿಜಿ ಲೀಟರ್‌ಗೆ 80 ನ್ಯಾನೋಮೋಲ್ ಇದ್ದರೆ 0.8, 25 ಇದ್ದರೆ 2.5. ಅದೇ 18, ಆದರೆ ದೇಹಕ್ಕೆ ಸಿಗುವ ಪಾಲು ಮೂರು ಪಟ್ಟು ಬೇರೆ! ಬೊಜ್ಜು, ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು), ಟೈಪ್ 2 ಮಧುಮೇಹ ಎಸ್‌ಎಚ್‌ಬಿಜಿಯನ್ನು ಇಳಿಸುತ್ತವೆ. ಈಸ್ಟ್ರೋಜನ್ ಮಾತ್ರೆ, ಅತಿಯಾದ ಥೈರಾಯ್ಡ್ ಹಾರ್ಮೋನ್ ಏರಿಸುತ್ತವೆ. ಎಸ್‌ಎಚ್‌ಬಿಜಿ ಕಡಿಮೆ ಬಂದರೆ ಟೆಸ್ಟೋಸ್ಟೆರಾನಿಗಿಂತ ಮೊದಲು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಸೊಂಟದ ಸುತ್ತಳತೆ ನೋಡಿಸಿ. ಹೃದಯದ ಸುಳಿವು ಹೆಚ್ಚಾಗಿ ಅಲ್ಲೇ ಇರುತ್ತದೆ.

ರಕ್ತದೊತ್ತಡ ಮನೆಯಲ್ಲೇ ಅಳೆಯಿರಿ: ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಹೃದಯದ ಮಟ್ಟದಲ್ಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ತೋಳು ಕೆಳಗೆ ಜೋತುಬಿದ್ದರೆ ಅಂಕಿ ಏರುತ್ತದೆ. ಹಲವು ದಿನಗಳ ಸರಾಸರಿ 135/85 ಮೀರಿದರೆ ವೈದ್ಯರಿಗೆ ತೋರಿಸಿ.

ಇನ್ನು ಚಿಕಿತ್ಸೆ. ಹೃದಯ ಕಾಪಾಡಲೆಂದು ಮಹಿಳೆಯರಿಗೆ ಟೆಸ್ಟೋಸ್ಟೆರಾನ್ ಕೊಡುವ ಶಿಫಾರಸು ಇಲ್ಲ. ವೈದ್ಯಕೀಯ ಸಂಘಗಳ 2019ರ ಜಾಗತಿಕ ಒಮ್ಮತದ ಹೇಳಿಕೆ ಒಪ್ಪಿದ್ದು, ಮುಟ್ಟು ನಿಂತ ಮೇಲೆ ಲೈಂಗಿಕ ಆಸಕ್ತಿ ಕುಗ್ಗಿ ಮನಸ್ಸಿಗೆ ಕಿರಿಕಿರಿಯಾದ ಸಂದರ್ಭಕ್ಕಷ್ಟೇ. ಬಾಯಿಯ ಮೂಲಕ ಕೊಡುವುದು ಕೊಲೆಸ್ಟ್ರಾಲ್ ಕೆಡಿಸುತ್ತದೆ. ಚರ್ಮದಡಿ ಹೂಳುವ ಗುಳಿಗೆಗಳು ಮಟ್ಟವನ್ನು ಮಿತಿ ಮೀರಿಸುವುದುಂಟು. ಚರ್ಮಕ್ಕೆ ಹಚ್ಚುವ ಜೆಲ್ ಬಳಸುವವರು 3ರಿಂದ 6 ವಾರಗಳಲ್ಲಿ ಮರುಪರೀಕ್ಷೆ ಮಾಡಿಸಬೇಕು, 6 ತಿಂಗಳಲ್ಲಿ ಪ್ರಯೋಜನ ಕಾಣದಿದ್ದರೆ ನಿಲ್ಲಿಸಬೇಕು. ಹಚ್ಚಿದ ತೋಳಿನಿಂದಲೇ ರಕ್ತ ತೆಗೆದರೆ ಅಂಕಿ ಹುಸಿಯಾಗಿ ಮೇಲೇರುತ್ತದೆ.

ಚಿಕಿತ್ಸೆಯೇ ಇಲ್ಲದೆ ಅಂಕಿ ಏರಿದೆಯೇ? ಗಂಡ ಟೆಸ್ಟೋಸ್ಟೆರಾನ್ ಜೆಲ್ ಹಚ್ಚುತ್ತಿದ್ದರೆ ಅದು ಚರ್ಮದಿಂದ ಚರ್ಮಕ್ಕೆ ತಗುಲಿರಬಹುದು, ವಿಚಾರಿಸಿ. ಕೆಲವೇ ತಿಂಗಳಲ್ಲಿ ದನಿ ಗಡುಸಾಗಿ ಗಡ್ಡದ ಜಾಗದಲ್ಲಿ ಕೂದಲು ಬಂದರೆ ಅಂಡಾಶಯ ಅಥವಾ ಅಡ್ರಿನಲ್‌ನ ಗಡ್ಡೆ ಇರಬಹುದು. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ) ಬಳಿ ತಡಮಾಡದೆ ಹೋಗಿ.