‘ಗೆಟ್’ ಅರ್ಥ ಹಿಡಿಯುವುದು ಹೇಗೆ?

ಇಂಗ್ಲಿಷ್ ನಿಘಂಟಿನಲ್ಲಿ ‘ಗೆಟ್’ ಹುಡುಕಿದರೆ ಅರ್ಥಗಳ ಪಟ್ಟಿ ಮುಗಿಯುವುದೇ ಇಲ್ಲ. ಅಷ್ಟನ್ನೂ ಬಾಯಿಪಾಠ ಮಾಡುವ ಗೋಜಿಗೆ ಹೋಗಬೇಡಿ. ಗೆಟ್ ಆದಮೇಲೆ ಏನು ಬಂದಿದೆ ಅಂತ ನೋಡಿ. ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ.

ಮೊದಲು, ಮುಂದೆ ವಸ್ತುವಿನ ಹೆಸರಿದೆಯಾ ನೋಡಿ. ‘ಐ ಗಾಟ್ ಎ ಲೆಟರ್’ ಅಂದರೆ ನನಗೊಂದು ಪತ್ರ ಬಂತು. ಬರುವುದೋ, ಸಿಗುವುದೋ, ಕೊಳ್ಳುವುದೋ, ಸಂದರ್ಭ ನೋಡಿ ಆರಿಸಿಕೊಳ್ಳಿ. ನಾವು ‘ನನಗೆ’ ಅನ್ನುವ ಕಡೆ ಅವರು ‘ಐ’ ಅನ್ನುತ್ತಾರೆ, ಅದು ನೆನಪಿರಲಿ.

ಮುಂದೆ ಇರುವುದು ಗುಣವಾಚಕವೇ? ಹಾಗಾದರೆ ನಮ್ಮ ‘ಆಗು’ ಸರಿಹೊಂದುತ್ತದೆ. ‘ಇಟ್ ಈಸ್ ಡಾರ್ಕ್’ ಅಂದರೆ ಕತ್ತಲಿದೆ. ‘ಇಟ್ ಈಸ್ ಗೆಟಿಂಗ್ ಡಾರ್ಕ್’ ಅಂದರೆ ಕತ್ತಲಾಗುತ್ತಿದೆ.

ಜಾಗದ ಹೆಸರಿದ್ದರೆ ತಲುಪು ಎಂದರ್ಥ: ‘ಗೆಟ್ ಟು ದ ಸ್ಟೇಷನ್’. ಆದರೆ ಹೋಮ್, ಹಿಯರ್, ದೇರ್ ಇವುಗಳ ಹಿಂದೆ ‘ಟು’ ಹಾಕಬೇಡಿ. ‘ಗೆಟ್ ಹೋಮ್’ ಅಷ್ಟೇ ಸಾಕು.

ಈಗ ಜಾಸ್ತಿ ಜನ ಎಡವುವ ಜಾಗ. ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ಹಿಡಿದವರು ನೀವೇ! ಬೇರೆಯವರ ಕೈಯಲ್ಲಿ ಕತ್ತರಿಸಿಕೊಂಡಿದ್ದರೆ ‘ಐ ಗಾಟ್ ಮೈ ಹೇರ್ ಕಟ್’ ಅನ್ನಬೇಕು. ನಾವು ‘ಮಾಡು’ ಇದ್ದದ್ದನ್ನು ‘ಮಾಡಿಸು’ ಅಂತ ಸಲೀಸಾಗಿ ಬದಲಿಸುತ್ತೇವಲ್ವಾ, ಆ ‘ಇಸು’ ಕೆಲಸವನ್ನು ಇಲ್ಲಿ ಗೆಟ್ ಮಾಡುತ್ತದೆ. ಕ್ರಮ ಮಾತ್ರ ತಪ್ಪಬಾರದು: ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ‘ಐ ಗಾಟ್ ದ ಫೋನ್ ರಿಪೇರ್ಡ್’, ಫೋನ್ ರಿಪೇರಿ ಮಾಡಿಸಿದೆ. ಯಾರಿಂದ ಮಾಡಿಸಿದಿರಿ ಅಂತ ಹೆಸರು ಹೇಳುವುದಾದರೆ ನಡುವೆ ‘ಟು’ ಬರುತ್ತದೆ: ‘ಐ ಗಾಟ್ ಹಿಮ್ ಟು ರಿಪೇರ್ ಇಟ್’. ಇದರಲ್ಲಿ ಸ್ವಲ್ಪ ಪುಸಲಾಯಿಸಿ ಒಪ್ಪಿಸಿದ ಛಾಯೆಯೂ ಇರಬಹುದು.

ಇನ್ನೊಂದು ಜೋಡಿ ನೋಡಿ. ‘ಐ ಗೆಟ್ ಟು ಗೋ’ ಅಂದರೆ ಹೋಗುವ ಅವಕಾಶ ಸಿಗುತ್ತದೆ, ಖುಷಿಯ ಮಾತು. ‘ಐ ಹ್ಯಾವ್ ಗಾಟ್ ಟು ಗೋ’ ಅಂದರೆ ಹೋಗಲೇಬೇಕು, ಬೇರೆ ದಾರಿಯಿಲ್ಲ.

ಗೆಟ್ ಅಪ್, ಗೆಟ್ ಓವರ್, ಗೆಟ್ ಅಲಾಂಗ್ ಥರದವಕ್ಕೆ ಸೂತ್ರ ಹುಡುಕಬೇಡಿ. ಏಳು, ಚೇತರಿಸಿಕೊ, ಹೊಂದಿಕೊಂಡು ಹೋಗು ಅಂತ ಇಡಿಯಾಗಿಯೇ ಕಲಿಯಿರಿ.

ಗೆಟ್‌ನ ಮೂರನೇ ರೂಪವಾಗಿ ಅಮೆರಿಕದವರು ಬಳಸುವ ‘ಗಾಟನ್’ ಕೂಡ ತಪ್ಪಲ್ಲ. ಅವರ ಬಾಯಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ನನ್ನ ಹತ್ತಿರ ಕಾರಿದೆ. ಕೊಂಡ ವಿಷಯ ಹೇಳುವಾಗ ಅದೇ ಜಾಗಕ್ಕೆ ‘ಗಾಟನ್’ ಬರುತ್ತದೆ.