ಗಿಂಬಲ್ ಇದ್ದರೂ ಕುಣಿಯುತ್ತಿದ್ದ ಶಾಟ್, ಒಂದು ಚೊಂಬು ನೀರು

ಮದುವೆ ವಿಡಿಯೋ ಮಾಡುವವರಿಗೆ ಈ ಗೋಳು ಗೊತ್ತು. ಕ್ಯಾಮೆರಾ ಅಲುಗದ ಹಾಗೆ ಮೋಟಾರಿನಿಂದ ಹಿಡಿದಿಡುವ ಹಿಡಿಕೆಯೇ ಗಿಂಬಲ್. ಅದರ ಬ್ಯಾಲೆನ್ಸ್ ಪಕ್ಕಾ ಇದೆ, ಮೋಟಾರ್ ಕ್ಯಾಮೆರಾ ಭಾರಕ್ಕೆ ತಾನೇ ಹೊಂದಿಕೊಳ್ಳುವ ಆಟೋಟ್ಯೂನ್ ಆಗಿದೆ, ಆದರೂ ದಿಬ್ಬಣದ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ತೆಗೆದ ಶಾಟ್‌ನಲ್ಲಿ ಮದುಮಗಳು ದೋಣಿಯಲ್ಲಿ ಕೂತು ಬರುತ್ತಿರುವ ಹಾಗೆ ಏರಿ ಇಳಿಯುತ್ತಾಳೆ. ಎರಡು ವರ್ಷ ನಾನು ಮೋಟಾರನ್ನೇ ಬೈದೆ. ಅದು ತಡೆಯುವುದು ಓಲಾಟ, ತಿರುಗಾಟ ಮಾತ್ರ. ಮೇಲೆ ಕೆಳಗೆ ಎಗರುವುದು ನಮ್ಮ ಕಾಲಿನ ತಪ್ಪು.

ಮೊದಲು ದುಡ್ಡು ಸುರಿದೆ. ಸ್ಪ್ರಿಂಗ್ ಇರುವ ಎರಡು ಕೈ ಹಿಡಿಕೆ, ಹೆಚ್ಚುಕಮ್ಮಿ 9 ಸಾವಿರ. ಮೊದಲನೇ ಮದುವೆಯಲ್ಲೇ ಅದು ಹೆಣ್ಣಿನ ಸೋದರಮಾವನ ಪೇಟಕ್ಕೆ ಸಿಕ್ಕಿಕೊಂಡಿತು, ಈಗ ಅಟ್ಟದ ಮೇಲಿದೆ. ಮೋಟಾರ್ ಪವರ್ ಏರಿಸಿದೆ, ಕ್ಯಾಮೆರಾ ಜುಂಯ್ ಅಂತ ನಡುಗಿತು. ಎಡಿಟಿಂಗ್‌ನಲ್ಲಿ ಅಲುಗಾಟ ತೆಗೆಯುವ ಸ್ಟೆಬಿಲೈಸ್ ಹಾಕಿದರೆ ಮಂಟಪದ ಕಂಬಗಳು ಹಲ್ವದ ಹಾಗೆ ಬಳುಕುತ್ತವೆ. ಛತ್ರದ ನೀರಿನ ಕ್ಯಾನ್ ತಳ್ಳುವ ಗಾಡಿ ಮೇಲೂ ಕೂತು ನೋಡಿದ್ದೇನೆ, ನಗಬೇಡಿ, ಟೈಲ್ಸ್ ಸಂದು ಬಂದಾಗೆಲ್ಲ ಟಕ್ ಟಕ್.

ಕೊನೆಗೆ ಹಿತ್ತಾಳೆ ಚೊಂಬಿಗೆ ಅಂಚಿನ ತನಕ ನೀರು ತುಂಬಿ, ಗಿಂಬಲ್ ಹಿಡಿದ ಹಾಗೇ ಹಿಡಿದು, ಬರಿಗಾಲಲ್ಲಿ ತಾರಸಿ ಮೇಲೆ ನಡೆಯಲು ಶುರು ಮಾಡಿದೆ. ಮಂಟಪದಲ್ಲಿ ಚಪ್ಪಲಿ ಹಾಕುವ ಹಾಗಿಲ್ಲ ಅಲ್ವಾ, ಹಿಮ್ಮಡಿ ಧಪ್ ಅಂತ ಬಿದ್ದರೆ ಅದು ನೇರ ಲೆನ್ಸ್‌ಗೇ ಹೋಗುತ್ತದೆ. ಮಂಡಿ ಸ್ವಲ್ಪ ಬಾಗಿರಬೇಕು, ಮೊಣಕೈ ಪಕ್ಕೆಗೆ ತಾಗಿರಬೇಕು. ಮುಂದೆ ಹೋಗುವಾಗ ಹಿಮ್ಮಡಿಯಿಂದ ಬೆರಳಿಗೆ ಮೆಲ್ಲಗೆ ಭಾರ ಉರುಳಿಸಬೇಕು, ಹಿಂದೆ ಬರುವಾಗ ಬೆರಳು ಮೊದಲು. ಮೊದಲ ದಿನ ಪಂಚೆ ಪೂರ್ತಿ ಒದ್ದೆ. ತೊಡೆ ಎಷ್ಟು ಹಿಡಿದುಕೊಂಡಿತು ಅಂದರೆ ಮೂರು ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ನಮ್ಮ ಎಡಿಟರ್ "ಅಣ್ಣ, ಇದೇನು ಹರಕೆನಾ?" ಅಂದ. ಸುಮಾರು 20 ದಿನಕ್ಕೆ ನೀರು ತುಳುಕುವುದು ನಿಂತಿತು.

ಜೊತೆಗೆ 24 ಎಂಎಂಗಿಂತ ಟೈಟ್ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವುದು, ಅಲುಗಾಟವೂ ಎದ್ದು ಕಾಣುತ್ತದೆ) ಹಾಕಿ ನಡೆಯುವುದನ್ನು ಬಿಟ್ಟೆ. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು ಅರ್ಧಕ್ಕೆ ನಿಧಾನ ಮಾಡುತ್ತೇನೆ. ಫಾಲೋ ಸ್ಪೀಡ್, ಅಂದರೆ ಕೈ ತಿರುಗಿದಾಗ ಕ್ಯಾಮೆರಾ ಹಿಂಬಾಲಿಸುವ ವೇಗ, ತುಂಬಾ ಇಳಿಸಿದ್ದೇನೆ; ಡೆಡ್‌ಬ್ಯಾಂಡ್ (ಕೈ ಎಷ್ಟು ತಿರುಗುವ ತನಕ ಕ್ಯಾಮೆರಾ ಸುಮ್ಮನಿರಬೇಕು ಅನ್ನುವ ಸೆಟ್ಟಿಂಗ್) ಎಷ್ಟು ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಹೋದ ತಿಂಗಳು ಗೇಟಿನಿಂದ ಧಾರೆ ಮಂಟಪದ ತನಕ 40 ಸೆಕೆಂಡಿನ ಒಂದೇ ಶಾಟ್ ತೆಗೆದೆ. ಅದೇ ಎಡಿಟರ್ ಫೋನ್ ಮಾಡಿ, ಕ್ಯಾಮೆರಾ ಜಾರಿಸುವ ಟ್ರ್ಯಾಕ್ ಬಾಡಿಗೆಗೆ ಎಷ್ಟು ಕೊಟ್ಟಿರಿ ಅಂತ ಕೇಳಿದ! ಮೆಟ್ಟಿಲು ಇಳಿಯುವ ಶಾಟ್ ಇನ್ನೂ ಬಂದಿಲ್ಲ. ಮೊನ್ನೆ ಕೆಳಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಚೊಂಬು ಅರ್ಧ ಖಾಲಿ.